ಮರಿ ಎತ್ತಿಕೊಂಡು ನಿಂತ ತೂಕ

ಹರಿಹರ
10 ಜೂನ್ 2024

ಪ್ರಾಣಿಗಳ ದವಾಖಾನೆ, ನಿಜಲಿಂಗಪ್ಪ ಬಡಾವಣೆ, ದಾವಣಗೆರೆ, ಇವರಿಗೆ

ಮಾನ್ಯರೇ,

ಮೊದಲೇ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಈ ಕಾಗದ ದವಾಖಾನೆಗೆ ಬರೆದದ್ದು. ಅಲ್ಲಿ ಡಾಕ್ಟರ್ ಹನುಮೇಶ್ ಅವರ ಕೈಕೆಳಗೆ ಕೆಲಸ ಮಾಡುವ ಸಹನಾ ಎಂಬವಳು ನನ್ನ ಮಗಳು. ಅವಳ ಕೂಡ ನಾನು ಮಾತು ಬಿಟ್ಟು ಹದಿನೈದು ತಿಂಗಳಾಯಿತು. ಅವಳ ತಾಯಿಯ ಹನ್ನೊಂದನೇ ದಿನದ ಕಾರ್ಯದಲ್ಲಿ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ಅವಳು ನನಗೆ ಒಂದು ಮಾತು ಆಡಿದಳು. ಇವತ್ತಿನಿಂದ ನಿನ್ನ ಕೂಡ ನನ್ನ ಮಾತಿಲ್ಲ ಎಂದು ನಾನೂ ಅಂದುಬಿಟ್ಟೆ. ಅಂದ ಮೇಲೆ ಮುಗಿಯಿತು. ನಿಮ್ಮಲ್ಲಿ ಫೋನ್ ಎತ್ತುವವಳು ಅವಳೇ ಎಂದು ತಿಳಿಯಿತು, ಆದ್ದರಿಂದ ಫೋನ್ ಮಾಡಿಲ್ಲ. ಕಾಗದ ಬರೆಯುವುದು ಮಾತಾಡಿದಂತಲ್ಲ ಎಂದು ನನ್ನ ತಿಳುವಳಿಕೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಈಗ ವಿಷಯ. ನನ್ನ ಜೊತೆಗಿರುವ ನನ್ನ ಅಕ್ಕ ಅಂಜಿನವ್ವ ಹೋದ ವಾರ ಕೊಕ್ಕನೂರಿಗೆ ಹೋದವಳು ಸಂತೆ ಚೀಲದಲ್ಲಿ ಒಂದು ಗಂಡು ನಾಯಿಮರಿ ಹಾಕಿಕೊಂಡು ಬಂದಳು. ತಾಯಿ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತಿತಂತೆ. ಗಟ್ಟಿಯಿದ್ದ ನಾಲ್ಕನ್ನು ಜನ ಒಯ್ದರು, ಇದನ್ನು ಯಾರೂ ಮುಟ್ಟಲಿಲ್ಲ. ಒಂದೂವರೆ ತಿಂಗಳಿನದು. ಪಕ್ಕೆಲುಬು ಎಣಿಸಬಹುದು, ಹೊಟ್ಟೆ ಮಾತ್ರ ತಮಟೆ. ಹಾಲಿನಲ್ಲಿ ನೆನೆಸಿದ ಮಂಡಕ್ಕಿ ಕೊಡುತ್ತಿದ್ದೇನೆ. ಕಾಯಿಲೆಯವರಿಗೂ ಕೊಡುವ ಪದಾರ್ಥ, ಹಗುರ, ಯಾರಿಗೂ ಕೇಡು ಮಾಡಿದ್ದು ನಾನು ಕೇಳಿಲ್ಲ. ಆದರೂ ಮರಿ ಮೈ ಹಿಡಿಯುತ್ತಿಲ್ಲ.

ತೂಕ ನೋಡಿದ ಕ್ರಮವನ್ನೂ ಬರೆಯುತ್ತೇನೆ, ಕ್ರಮ ಹೇಳದ ಅಳತೆಗೆ ಬೆಲೆಯಿಲ್ಲ. ಮನುಷ್ಯರು ನಿಲ್ಲುವ ತೂಕದ ಯಂತ್ರ ಮನೆಯಲ್ಲಿದೆ. ಮರಿಯನ್ನು ಅದರ ಮೇಲೆ ಬಿಟ್ಟರೆ ಇಳಿದು ಹೋಗುತ್ತದೆ. ಆದ್ದರಿಂದ ಅದನ್ನು ಎತ್ತಿಕೊಂಡು ನಿಂತೆ, ಆಮೇಲೆ ನಾನೊಬ್ಬನೇ ನಿಂತೆ, ಅದರಲ್ಲಿ ಇದನ್ನು ಕಳೆದೆ.

ಮರಿಯೊಂದಿಗೆ: 63.450 ಕೆ.ಜಿ.
ನಾನೊಬ್ಬನೇ: 62.000
ಮರಿ: 1.450

ಪಕ್ಕದ ಮನೆಯ ಅಮ್ಜದ್ ದಿನಾ ದಾವಣಗೆರೆಯ ಭಟ್ಟಿಯಿಂದ ಮಂಡಕ್ಕಿ ಚೀಲ ಹೇರಿಕೊಂಡು ಬರುವ ಗೂಡ್ಸ್ ಆಟೋದವನು. ಉತ್ತರವನ್ನು ಅವನ ಕೈಯಲ್ಲಿ ಕಳಿಸಬಹುದು.

ಇತಿ,
ಬಿ. ಮಾಳಿಂಗಪ್ಪ
ನಿವೃತ್ತ, ಇನ್ಸ್‌ಪೆಕ್ಷನ್ ವಿಭಾಗ


ದಾವಣಗೆರೆ
12 ಜೂನ್ 2024

ಶ್ರೀ ಮಾಳಿಂಗಪ್ಪನವರಿಗೆ ದವಾಖಾನೆಯ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ಇಲ್ಲಿ ಫೋನ್ ಎತ್ತುವವಳೇ ಕಾಗದವನ್ನೂ ಬರೆಯಬೇಕು, ಬೇರೆ ಜನವಿಲ್ಲ. ತಮ್ಮ ಮಾತಿಗೆ ಭಂಗ ಬಾರದ ಹಾಗೆ ಬರೆಯುತ್ತೇನೆ.

ಮಂಡಕ್ಕಿಯನ್ನು ಇವತ್ತೇ ನಿಲ್ಲಿಸಬೇಕು. ದಾವಣಗೆರೆಯಲ್ಲಿ ಕೂತು ಮಂಡಕ್ಕಿಯನ್ನು ಬೈದರೆ ಜನ ಸುಮ್ಮನೆ ಬಿಡುವುದಿಲ್ಲ, ಆದರೂ ಹೇಳಲೇಬೇಕು. ಅದರಲ್ಲಿ ಮುಕ್ಕಾಲು ಪಾಲು ಗಾಳಿ. ಮರಿಯ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹೊಟ್ಟೆ ತಮಟೆಯಾಗಿರುವುದು ಜಂತುಹುಳದಿಂದ ಇರಬಹುದು. ಹಸುವಿನ ಹಾಲಿನಿಂದ ಭೇದಿಯಾಗುತ್ತದೆ, ಅದೂ ಬೇಡ. ಮರಿಯನ್ನು ಅಮ್ಜದಣ್ಣನ ಆಟೋದಲ್ಲಿ ಒಮ್ಮೆ ಕಳಿಸಿದರೆ ಡಾಕ್ಟರು ನೋಡಿ ಹುಳದ ಔಷಧಿ ಕೊಡುತ್ತಾರೆ.

ದಿನಕ್ಕೆ ನಾಲ್ಕು ಸಲ ತಿನ್ನಿಸಬೇಕು. ಎಲುಬು ತೆಗೆದ ಬೇಯಿಸಿದ ಕೋಳಿ, ಅದಕ್ಕೆ ಸ್ವಲ್ಪ ಮೆತ್ತನೆಯ ಅನ್ನ, ದಿನಕ್ಕೊಂದು ಬೇಯಿಸಿದ ಮೊಟ್ಟೆ. ಇದರ ಜೊತೆ ನಾಯಿಮರಿಗಳಿಗೆಂದೇ ಅಂಗಡಿಯಲ್ಲಿ ಸಿಗುವ ಕಾಳಿನಂಥ ತಿಂಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಕೊಡಬೇಕು, ಒಂದು ಪೊಟ್ಟಣ ಕಳಿಸಿದ್ದೇನೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಮುಟ್ಟಿಸಬಾರದು. ಅಳತೆಯನ್ನು ಡಾಕ್ಟರು ಬೇರೆ ಚೀಟಿಯಲ್ಲಿ ಬರೆದಿದ್ದಾರೆ.

ತೂಕವನ್ನು ಬೆಳಿಗ್ಗೆ ತಿಂಡಿಗೆ ಮೊದಲು, ಬರಿಹೊಟ್ಟೆಯಲ್ಲಿ ನೋಡಬೇಕು, ಮರಿಯದೂ ಎತ್ತಿಕೊಳ್ಳುವವರದೂ. ಯಂತ್ರಕ್ಕಿಂತ ಕೈ ಮೇಲು ಎಂದು ನಮ್ಮ ಡಾಕ್ಟರು ಹೇಳುತ್ತಾರೆ. ಆರೋಗ್ಯವಾಗಿರುವ ನಾಯಿಯ ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು.

ಅಂಜಿನತ್ತೆಯ ಮಂಡಿನೋವು ಹೇಗಿದೆ ಎಂದು ಕೇಳುವುದು ದವಾಖಾನೆಯ ಕೆಲಸವಲ್ಲ. ಆದರೂ ಕೇಳಿದ್ದೇನೆ.

ದವಾಖಾನೆಯ ಪರವಾಗಿ,
ಸಹನಾ


ಹರಿಹರ
24 ಜೂನ್ 2024

ಮಾನ್ಯರೇ,

ಅಮ್ಜದ್ ಮರಿಯನ್ನು ಅಲ್ಲಿಗೆ ಒಯ್ದು ತೋರಿಸಿ ಔಷಧಿ ತಂದುಕೊಟ್ಟ. ಮಾರನೇ ದಿನ ಬಿದ್ದ ಹುಳಗಳನ್ನು ನೋಡಿ ಅಂಜಿನವ್ವ ಮಧ್ಯಾಹ್ನ ಶಾವಿಗೆ ಮಾಡಬೇಕೆಂದಿದ್ದವಳು ಬಿಟ್ಟಳು. ಹೊಟ್ಟೆ ಇಳಿದಿದೆ. ಮರಿಗೆ ಗುಂಡ ಎಂದು ಹೆಸರಿಟ್ಟಿದ್ದಾಳೆ. ಇದರಲ್ಲಿ ಗುಂಡಗಿರುವುದು ಏನಿದೆ ಎಂದು ಕೇಳಿದರೆ, "ಹೆಸರು ಇಟ್ಟಂಗೆ ಆಗತೈತೆ, ಸುಮ್ನಿರು" ಎಂದಳು. ಅವಳ ಮಂಡಿನೋವು ಅವಳಷ್ಟೇ ಹಟಮಾರಿ.

ಮರಿಯೊಂದಿಗೆ: 62.850
ನಾನೊಬ್ಬನೇ: 61.200
ಮರಿ: 1.650

ಇತಿ,
ಬಿ. ಮಾಳಿಂಗಪ್ಪ


ದಾವಣಗೆರೆ
26 ಜೂನ್ 2024

ಶ್ರೀ ಮಾಳಿಂಗಪ್ಪನವರಿಗೆ,

ಎರಡು ವಾರಕ್ಕೆ ಇನ್ನೂರು ಗ್ರಾಂ ಏನೇನೂ ಸಾಲದು. ಈ ವಯಸ್ಸಿನಲ್ಲಿ ವಾರಕ್ಕೇ ಅರ್ಧ ಕೆ.ಜಿ. ಏರಬೇಕು. ಅಮ್ಜದಣ್ಣ ನಿನ್ನೆ ಮರಿಯನ್ನು ತಂದಾಗ ಮತ್ತೆ ಮಲ ಪರೀಕ್ಷೆ ಮಾಡಿಸಿದೆವು, ಹುಳ ಇಲ್ಲ. ಜ್ವರ ಇಲ್ಲ, ಬೇರೆ ಕಾಯಿಲೆಯೂ ಕಾಣುತ್ತಿಲ್ಲ. ಚೀಟಿಯಲ್ಲಿರುವಷ್ಟನ್ನೇ ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳುತ್ತಿದ್ದಾರೆ. ಈಗ ಸೊರಗಿದ ಮರಿ ಒಂದು ದಿನ ಇದ್ದಕ್ಕಿದ್ದಂತೆ ಕುಸಿಯಬಹುದು, ಆದ್ದರಿಂದ ಕೇಳುವುದು.

ಇನ್ನೊಂದು. ಎತ್ತಿಕೊಳ್ಳುವವರ ತೂಕ ಎರಡು ವಾರದಲ್ಲಿ ಎಂಟುನೂರು ಗ್ರಾಂ ಇಳಿದಿದೆ. ಯಂತ್ರ ಸರಿಯಿದೆಯೇ?

ದವಾಖಾನೆಯ ಪರವಾಗಿ,
ಸಹನಾ


ಹರಿಹರ
9 ಜುಲೈ 2024

ಮಾನ್ಯರೇ,

ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆ ನೋಡಿದವನಿಗೆ ಯಂತ್ರ ಸರಿಯಿದೆಯೇ ಎಂದು ಕೇಳಿದ್ದೀರಿ. ಒಡೆಯದ ಇಪ್ಪತ್ತೈದು ಕೆ.ಜಿ. ಅಕ್ಕಿ ಚೀಲವನ್ನು ಅಮ್ಜದ್ ಕೈಯಲ್ಲಿ ಎತ್ತಿಸಿ ಇಟ್ಟು ನೋಡಿದೆ. ಯಂತ್ರ ಸರಿಯಿದೆ.

ಮರಿಯೊಂದಿಗೆ: 61.900
ನಾನೊಬ್ಬನೇ: 60.000
ಮರಿ: 1.900

ಹೊಳೆಗೆ ಹೊಸನೀರು ಬಂದಿದೆ. ಜನ ಸೇತುವೆಯ ಮೇಲೆ ನಿಂತು ನೋಡುತ್ತಿದ್ದಾರೆ. ಗುಂಡನನ್ನು ಅಂಗಿಯೊಳಗೆ ಹಾಕಿಕೊಂಡು ಹೋಗಿ ತೋರಿಸಿಕೊಂಡು ಬಂದೆ. ಅದು ಅಷ್ಟು ನೀರನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿತ್ತು. ಕೊಟ್ಟದ್ದನ್ನು ತಿನ್ನುತ್ತದೆ, ಇನ್ನೂ ಬೇಕು ಎಂದು ಕೇಳುವುದಿಲ್ಲ. ಕೇಳದ ಪ್ರಾಣಿಯ ಕೂಡ ಬದುಕುವುದು ಕಷ್ಟ.

ಇತಿ,
ಬಿ. ಮಾಳಿಂಗಪ್ಪ


ಹರಿಹರ
15 ಜುಲೈ 2024

ಸಹನಾ,

ನಾನು ನಿಮ್ಮ ಅತ್ತಿ ಅಂಜಿನವ್ವ. ನನಗ ಬರೆಯಾಕ ಬರಲ್ಲ, ಅಮ್ಜದನ ಹೆಂಡ್ತಿ ಸಿದ್ದೀಕಾ ಕೈಲಿ ಬರೆಸ್ತಾ ಇದೀನಿ. ನಿಮ್ಮಪ್ಪಗ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಕೂಡಾನೂ ಮಾತು ಬಿಡ್ತಾನೆ, ಆಮ್ಯಾಲೆ ಈ ಮನ್ಯಾಗೆ ಮಾತಾಡಾಕ ನಾಯಿ ಒಂದೇ ಉಳಿಯಾದು.

ನೀನು ಬರೆದಿದ್ದನ್ನ ಅವ ತಟ್ಟ್ಯಾಗೆ ಸರಿಯಾಗೇ ಅಳತಿ ಮಾಡಿ ಹಾಕ್ತಾನೆ. ಹಾಕಿ ಸುಮ್ನೆ ನೋಡ್ಕೋತಾ ನಿಂದರ್ತಾನೆ. ಆಮ್ಯಾಲೆ ಅರ್ಧ ತೆಗೆದು ವಾಪಸ್ ಪಾತ್ರಿಗೆ ಹಾಕ್ತಾನೆ. ಯಾಕ ತೆಗಿತೀಯ ಅಂದ್ರೆ, ಹೆಚ್ಚಾದ್ರೆ ಏನ್ ಗತಿ ಅಂತಾನೆ. ನಾನು ಕದ್ದು ಒಂದ್ ತುತ್ತು ಹಾಕೋಣ ಅಂದ್ರೆ ನನ್ನ ಕೈ ಹಿಡಿತಾನೆ. ತಾನೂ ಹಂಗೇ. ಮಧ್ಯಾಹ್ನ ಒಂದು ರೊಟ್ಟಿ, ಮುಗೀತು. ಸಕ್ಕರಿ ಡಬ್ಬಿ ಮನ್ಯಾಗೆ ಇಲ್ಲ, ನಿಮ್ಮವ್ವ ಹಾಲವ್ವ ತೀರಿಹೋದ ತಿಂಗಳಾಗೇ ತೆಗೆದು ಸಿದ್ದೀಕಾಗೆ ಕೊಟ್ಟುಬಿಟ್ಟ.

ಅವತ್ತು ಊಟದ ಪಂಕ್ತ್ಯಾಗೆ ನೀನಂದೆಲ್ಲ, ಸಕ್ಕರಿ ಕಾಯಿಲಿ ಇದ್ದಾಕಿಗೆ ಸಿಹಿ ತಿನ್ನಿಸಿ ತಿನ್ನಿಸಿ ನಮ್ಮವ್ವನ್ನ ನೀನೇ ಕೊಂದೆ ಅಂತ. ಅದು ಅವಗೆ ನಾಟೈತೆ. ಸಿಟ್ಟು ಅಲ್ಲವ್ವ ಅವನದು, ಅಂಜಿಕಿ. ನಾನು ನಿನ್ನ ಬೈಯಾಕ ಬರೆಸ್ತಿಲ್ಲ. ಮರಿ ಉಳಿಯಂಗೆ ಕಾಣ್ತಿಲ್ಲ, ಅದು ಹೋದ್ರೆ ಇವ ಹೆಂಗೆ ತಡ್ಕೋತಾನೆ ಅಂತ ನನಗ ಹೆದರಿಕಿ.

ಅಂಜಿನವ್ವ

(ಅಕ್ಕ ಹೇಳಿದ್ದನ್ನ ಹೇಳಿದಂಗೇ ಬರೆದೀನಿ. ನಡುವೆ ಅತ್ತಿದ್ದನ್ನ ಬರೆದಿಲ್ಲ. ಸಿದ್ದೀಕಾ)


ಹರಿಹರ
22 ಜುಲೈ 2024

ಸಹನಾ,

ಇನ್ನು ದವಾಖಾನೆಯ ಹೆಸರಿಟ್ಟುಕೊಂಡು ಬರೆಯುವುದು ನನ್ನಿಂದ ಆಗುವುದಿಲ್ಲ. ಮೊನ್ನೆ ಶನಿವಾರ ಬೆಳಿಗ್ಗೆ ನಡೆದದ್ದರಲ್ಲಿ ಅರ್ಧ ನಿನಗೆ ಗೊತ್ತು. ಉಳಿದರ್ಧ ನಾನು ಬರೆಯಬೇಕು.

ಎದ್ದು ನೋಡಿದಾಗ ಗುಂಡ ಬಚ್ಚಲ ಬಾಗಿಲಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಎತ್ತಿದರೆ ಕತ್ತು ನಿಲ್ಲುತ್ತಿರಲಿಲ್ಲ, ಬಾಯಿ ತಣ್ಣಗಿತ್ತು. ಅಕ್ಕ ಅಮ್ಜದನ ಫೋನಿನಿಂದ ನಿನಗೆ ಮಾಡಿದಳು. ಫೋನಿನ ಸದ್ದು ದೊಡ್ಡದು ಮಾಡಿದ್ದರಿಂದ ನೀನು ಹೇಳಿದ್ದೆಲ್ಲ ನನಗೆ ಕೇಳಿಸಿತು. ಬಟ್ಟೆ ಸುತ್ತಿ ಬೆಚ್ಚಗೆ ಇಡಿ, ಸಕ್ಕರೆ ನೀರನ್ನು ಬೆರಳಿಗೆ ತೆಗೆದುಕೊಂಡು ಒಸಡಿಗೆ ತಿಕ್ಕಿ, ಗಂಟಲಿಗೆ ಸುರಿಯಬೇಡಿ, ಆಮೇಲೆ ಕೂಡಲೇ ಆಟೋ ಹತ್ತಿಸಿ ಎಂದೆ. ಸಿದ್ದೀಕಾ ಗೋಡೆಯ ಮೇಲಿಂದ ಬಟ್ಟಲು ಕೊಟ್ಟಳು. ಬಟ್ಟಲು ನನ್ನ ಕೈಯಲ್ಲಿತ್ತು, ಮರಿ ತೊಡೆಯ ಮೇಲಿತ್ತು, ನನ್ನ ಬೆರಳು ಸಕ್ಕರೆಗೆ ಇಳಿಯಲಿಲ್ಲ. ಅಕ್ಕ ಕೂಗಿದಳು. ನನಗೆ ಹಾಲವ್ವನ ಬಾಯಿ ನೆನಪಾಗುತ್ತಿತ್ತು.

ಆಗ ನೀನು ಫೋನಿನಲ್ಲಿ ಅಂದೆ, "ಅಪ್ಪಾ, ನೀನೇ ಹಚ್ಚು. ನಿನ್ನ ಕೈಯಿಂದ ಕೆಟ್ಟದ್ದು ಆಗಲ್ಲ."

ಹಚ್ಚಿದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಗಡಿಯಾರ ನೋಡದೆ ನಾನು ಮಾಡಿದ ಕೆಲಸ ಬಹುಶಃ ಅದೊಂದೇ. ಕೊನೆಗೆ ನಾಲಿಗೆ ಒಂದಿಷ್ಟು ಹೊರಗೆ ಬಂದು ನನ್ನ ಬೆರಳನ್ನು ನೆಕ್ಕಿತು.

ಆಟೋದಲ್ಲಿ ನಾನೂ ಬಂದಿದ್ದೆ. ಮಂಡಕ್ಕಿಯ ಖಾಲಿ ಚೀಲಗಳ ನಡುವೆ ಕೂತಿದ್ದೆ, ಇಳಿಯಲಿಲ್ಲ. ನೀನು ಗೇಟಿಗೆ ಓಡಿ ಬಂದು ಅಮ್ಜದನ ಕೈಯಿಂದ ಮರಿಯನ್ನು ತೆಗೆದುಕೊಂಡು ಹೋದದ್ದನ್ನು ನೋಡಿದೆ. ನೀನೂ ಇಳಿದುಹೋಗಿದ್ದೀಯ, ಕುತ್ತಿಗೆಯ ಎಲುಬು ಕಾಣುತ್ತಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಮರಿಗೆ ನೀನು ಬರೆದದ್ದರಲ್ಲಿ ಅರ್ಧ ಮಾತ್ರ ಕೊಡುತ್ತಿದ್ದೆ. ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ನಾನೇ ಪಾಠ ಹೇಳುತ್ತಿದ್ದೆ: ಲೇತ್ ಯಂತ್ರದಲ್ಲಿ ಕಡೆದ ಕಬ್ಬಿಣದ ದಂಡ ಅಳತೆಗಿಂತ ದಪ್ಪವಿದ್ದರೆ ಹೆದರಬೇಡಿ, ಮತ್ತೆ ಲೇತಿಗೆ ಹಾಕಿ ತೆಗೆಯಬಹುದು. ಕಡಿಮೆಯಾಯಿತೋ ಅದು ಗುಜರಿ, ಬ್ರಹ್ಮ ಬಂದರೂ ಸೇರಿಸಲಾಗುವುದಿಲ್ಲ. ಇಷ್ಟು ಗೊತ್ತಿದ್ದವನು ಒಂದು ಜೀವವನ್ನು ದಿನದಿನವೂ ಕಡಿಮೆ ಮಾಡುತ್ತ ಬಂದೆ. ಹೆಚ್ಚು ತಿನ್ನಿಸಿದ ತಪ್ಪನ್ನು ಮತ್ತೆ ಮಾಡಬಾರದೆಂದು ಇನ್ನೊಂದು ತಪ್ಪು ಮಾಡಿದೆ.

ಮರಿಯೊಂದಿಗೆ: 60.400
ನಾನೊಬ್ಬನೇ: 58.300
ಮರಿ: 2.100

ಇಂದಿನಿಂದ ಪೂರ್ತಿ ಕೊಡುತ್ತೇನೆ.

ಮಾಳಿಂಗಪ್ಪ


ದಾವಣಗೆರೆ
24 ಜುಲೈ 2024

ಅಪ್ಪಾ,

ನೀನು ಆಟೋದಲ್ಲಿ ಇದ್ದದ್ದು ನನಗೆ ಗೊತ್ತಿತ್ತು. ನಿನ್ನ ಚಪ್ಪಲಿ ಚೀಲದ ಕೆಳಗಿನಿಂದ ಕಾಣುತ್ತಿತ್ತು. ಡಾಕ್ಟರು ಗುಂಡನಿಗೆ ಗ್ಲೂಕೋಸ್ ಹಾಕುವ ತನಕ ನಾನು ಅದರ ಕಾಲು ಹಿಡಿದುಕೊಂಡು ನಿಂತಿದ್ದೆ, ಆಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತೆ. ಹೊರಗೆ ಬರುವಷ್ಟರಲ್ಲಿ ನೀನು ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಟಿದ್ದೆ.

ನೀನು ನಿನ್ನ ತಪ್ಪು ಒಪ್ಪಿಕೊಂಡೆ. ನನ್ನದು ನಿನ್ನದಕ್ಕಿಂತ ದೊಡ್ಡದು, ಅದನ್ನು ಹದಿನಾರು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

ಅವ್ವ ಹೋಗುವುದಕ್ಕೆ ಎರಡು ತಿಂಗಳ ಮೊದಲು ನಾನೇ ಅವಳನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆನಲ್ಲ. ಅವತ್ತು ಅವರು ಎರಡೂ ಕಿಡ್ನಿ ಹೋಗಿವೆ, ಇವರ ಹೃದಯ ಡಯಾಲಿಸಿಸ್ ತಾಳುವುದಿಲ್ಲ, ಇನ್ನು ಪಥ್ಯ ಹಿಡಿದು ಬಾಯಿ ಕಟ್ಟುವುದು ಬೇಡ, ರುಚಿಸಿದ್ದನ್ನು ಕೊಡಿ ಎಂದರು. ಮೆಟ್ಟಿಲು ಇಳಿಯುವಾಗ ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. "ನಿಮ್ಮಪ್ಪಗ ಹೇಳಬ್ಯಾಡ. ಅವರು ದಿನಾ ಸಂಜಿಕೆ ಪೇಡಾ ತರ್ತಾರೆ. ಗೊತ್ತಾದ್ರೆ ತರೋದು ಬಿಡ್ತಾರೆ. ಅದೊಂದು ನನಗ ಇರ್ಲಿ" ಎಂದಳು.

ಅಂದರೆ ನಿನ್ನ ಪೇಡಾದಿಂದ ಅವ್ವ ಹೋಗಲಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಅಂದೆ.

ಯಾಕೆ ಅಂದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಎರಡು ತಿಂಗಳು ನೀನು ಸಂಜೆ ಕಾಗದದ ಪೊಟ್ಟಣ ಹಿಡಿದು ನಗುತ್ತ ಬರುತ್ತಿದ್ದೆ. ನಾನು ಒಬ್ಬಳೇ ದಿನ ಎಣಿಸುತ್ತಿದ್ದೆ. ನಿನ್ನ ನಗು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಆ ಭಾರವನ್ನೆಲ್ಲ ಪಂಕ್ತಿಯಲ್ಲಿ ನಿನ್ನ ತಲೆಯ ಮೇಲೆ ಹಾಕಿ ನಾನು ಹಗುರಾಗಬೇಕೆಂದಿದ್ದೆ, ಆಗಲಿಲ್ಲ. ಹೇಳಲು ಬಂದರೆ ನೀನು ಮಾತು ಬಿಟ್ಟಿದ್ದೆ, ನನಗೂ ಅದು ಒಂದು ನೆಪವಾಯಿತು. ನನ್ನ ಒಂದು ಮಾತಿಗೆ ಒಂದು ಮರಿ ಅರ್ಧ ಹೊಟ್ಟೆಯಲ್ಲಿ ಮಲಗುತ್ತದೆ, ನೀನೂ ಮಲಗುತ್ತೀಯ ಎಂದು ನನಗೆ ಗೊತ್ತಿರಲಿಲ್ಲ.

ಅವ್ವ ಪೇಡಾದಲ್ಲಿ ಅರ್ಧ ಮಾತ್ರ ತಿನ್ನುತ್ತಿದ್ದಳು. ಇನ್ನರ್ಧ ನಾನು ಬಂದಾಗ ನನ್ನ ಬಾಯಿಗೆ ಹಾಕುತ್ತಿದ್ದಳು, ಅಪ್ಪ ತಂದದ್ದು ಎನ್ನುತ್ತ.

ನನ್ನನ್ನು ಕ್ಷಮಿಸು ಎಂದು ಕೇಳುವ ಧೈರ್ಯ ಇಲ್ಲ. ಊಟ ಬಿಡಬೇಡ.

ನಿನ್ನ ಮಗಳು,
ಸಹನಾ


ದಾವಣಗೆರೆ
7 ಆಗಸ್ಟ್ 2024

ಅಪ್ಪಾ,

ಅಮ್ಜದಣ್ಣ ಎರಡು ವಾರದಿಂದ ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋಗುತ್ತಿದ್ದಾನೆ. ಗೇಟಿನಿಂದಲೇ ತಲೆ ಅಲ್ಲಾಡಿಸುತ್ತಾನೆ. ಬೈದು ಬರೆದರೂ ಸರಿ. ಅದೂ ಆಗದಿದ್ದರೆ ಬರೀ ತೂಕ ಬರೆದು ಕಳಿಸು, ಎರಡೂ ತೂಕ.

ಸಹನಾ


ಹರಿಹರ
15 ಆಗಸ್ಟ್ 2024

ಮರಿಯೊಂದಿಗೆ: 61.300
ನಾನೊಬ್ಬನೇ: 57.400
ಮರಿ: 3.900

ಹಾಲವ್ವ ನಿನಗೆ ಹೇಳಿದ್ದನ್ನು ನನಗೆ ಹೇಳಲಿಲ್ಲ. ಮೂವತ್ತೆರಡು ವರ್ಷದ ಸಂಸಾರ. ನಿನ್ನ ಮೇಲೆ ಸಿಟ್ಟಿಲ್ಲ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಲ್ಲ. ಸ್ವಲ್ಪ ದಿನ ಬೇಕು.

ಮಾಳಿಂಗಪ್ಪ


ದಾವಣಗೆರೆ
17 ಆಗಸ್ಟ್ 2024

ಶ್ರೀ ಮಾಳಿಂಗಪ್ಪನವರಿಗೆ,

ಇದು ದವಾಖಾನೆಯಿಂದಲೇ ಬರೆಯುತ್ತಿರುವ ಕಾಗದ. ಮರಿ ಮೂರೂವರೆ ವಾರದಲ್ಲಿ ಒಂದು ಕೆ.ಜಿ. ಎಂಟುನೂರು ಗ್ರಾಂ ಏರಿದೆ, ಡಾಕ್ಟರಿಗೆ ಖುಷಿಯಾಗಿದೆ. ಆದರೆ ಅದನ್ನು ಎತ್ತಿಕೊಳ್ಳುವವರು ಒಂಬತ್ತೂವರೆ ವಾರದಲ್ಲಿ ನಾಲ್ಕು ಕೆ.ಜಿ. ಆರುನೂರು ಗ್ರಾಂ ಇಳಿದಿದ್ದಾರೆ. ಮರಿ ಹೀಗೆಯೇ ಏರಿ ತಾವು ಹೀಗೆಯೇ ಇಳಿದರೆ ಮುಂದೊಂದು ದಿನ ಮರಿಯೇ ತಮ್ಮನ್ನು ಎತ್ತಿಕೊಂಡು ನಿಲ್ಲಬೇಕಾಗುತ್ತದೆ.

ಆದ್ದರಿಂದ ಎರಡನೇ ಪೇಷಂಟಿಗೂ ಚೀಟಿ. ಗುಂಡ ತಿನ್ನುವ ಹೊತ್ತಿಗೇ ತಾವೂ ಕೂತು ತಿನ್ನಬೇಕು, ಎದುರು ಬದುರು. ಅದಕ್ಕೆ ಮೊಟ್ಟೆ ಹಾಕಿದರೆ ತಮಗೂ ಒಂದು. ಮಧ್ಯಾಹ್ನ ರೊಟ್ಟಿ ಎರಡು, ಪಲ್ಯ, ಅನ್ನ ಮೊಸರು. ರಾತ್ರಿ ಊಟ ತಪ್ಪಿಸುವಂತಿಲ್ಲ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಬಹುದು, ತಮಗೆ ಸಕ್ಕರೆ ಕಾಯಿಲೆ ಇಲ್ಲ. ಅಂಜಿನತ್ತೆಯನ್ನು ದವಾಖಾನೆ ಇನ್ಸ್‌ಪೆಕ್ಟರಾಗಿ ನೇಮಿಸಿದೆ.

ಎಷ್ಟು ದಿನ ಬೇಕೋ ತೆಗೆದುಕೋ ಅಪ್ಪಾ. ಊಟ ಮಾಡುತ್ತ ತೆಗೆದುಕೋ.

ಸಹನಾ


ಹರಿಹರ
20 ಅಕ್ಟೋಬರ್ 2024

ಸಹನಾ,

ಮರಿಯೊಂದಿಗೆ: 72.000
ನಾನೊಬ್ಬನೇ: 59.600
ಮರಿ: 12.400

ಅಕ್ಕ ಇಟ್ಟ ಹೆಸರು ನಿಜವಾಗಿದೆ. ಓಣಿಯವರೆಲ್ಲ ಸೇರಿ ನಿಜ ಮಾಡಿದ್ದಾರೆ. ಸಾಯುವುದರಲ್ಲಿದ್ದು ಬದುಕಿದ ಮರಿ ಎಂದು ಗುಂಡನಿಗೆ ಎಲ್ಲ ಮನೆಯಲ್ಲೂ ಪಾಲು. ಸಿದ್ದೀಕಾ ಮಾಂಸದ ಚೂರು ಹಾಕುತ್ತಾಳೆ, ಎದುರು ಮನೆಯವರು ಬಿಸ್ಕತ್ತು ಹಾಕುತ್ತಾರೆ, ಆಯುಧಪೂಜೆಯ ದಿನ ಅಮ್ಜದನ ಆಟೋ ಪೂಜೆಗೆ ಹಂಚಿದ ಸಿಹಿಯಲ್ಲೂ ಅದು ಪಾಲು ಕೇಳಿತು. ಅಕ್ಕ ರೊಟ್ಟಿಗೆ ತುಪ್ಪ ಸವರಿ ಹಾಕುವುದನ್ನು ನಾನೇ ಹಿಡಿದೆ. ಕೇಳಿದರೆ, "ನೀನು ಹಸಿವಿಲೆ ಕೆಡವಿದ್ದನ್ನ ನಾನು ತುಂಬ್ತಾ ಇದೀನಿ" ಎಂದಳು. ಈಗ ಪಕ್ಕೆಗೆ ಕೈಯಾಡಿಸಿದರೆ ಎಲುಬು ಸಿಗುವುದಿಲ್ಲ, ಹುಡುಕಬೇಕು. ಸೊಂಟ ಎಂಬುದು ಹೋಗಿದೆ. ಹೊಳೆಯ ತನಕ ಬರುವಷ್ಟರಲ್ಲಿ ಏದುಸಿರು ಬಿಡುತ್ತದೆ.

ಕಡಿಮೆ ಮಾಡಬೇಕೆಂದು ತಿಳಿಯುತ್ತದೆ. ಆದರೆ ಬಟ್ಟಲಿನಿಂದ ತೆಗೆಯಲು ಹೋದರೆ ಜುಲೈ ತಿಂಗಳು ನೆನಪಾಗುತ್ತದೆ, ಕೈ ಹಿಂದೆ ಬರುತ್ತದೆ. ಏನು ಮಾಡಲಿ ಎಂದು ಕೇಳಲು ಬರೆದೆ.

ನಾನು ಚೀಟಿಯಂತೆ ಊಟ ಮಾಡುತ್ತಿದ್ದೇನೆ. ಗುಂಡನ ಎದುರು ಕೂತು ತಿನ್ನುವುದೇ ಒಂದು ಶಿಕ್ಷೆ, ನನ್ನ ಪ್ರತಿ ತುತ್ತನ್ನೂ ಎಣಿಸುತ್ತದೆ.

ಮಾಳಿಂಗಪ್ಪ


ದಾವಣಗೆರೆ
22 ಅಕ್ಟೋಬರ್ 2024

ಅಪ್ಪಾ,

ಹೆಚ್ಚಿದ್ದರೆ ಮತ್ತೆ ಲೇತಿಗೆ ಹಾಕಬಹುದು ಎಂದು ನೀನೇ ಹೇಳಿದ್ದೀಯಲ್ಲ. ಹೆದರಬೇಡ. ಜುಲೈಯಲ್ಲಿ ನೀನು ಅರ್ಧ ತೆಗೆದೆ. ಈಗ ಹತ್ತರಲ್ಲಿ ಒಂದು ಪಾಲು ಮಾತ್ರ ತೆಗೆ, ಅದರ ಜಾಗಕ್ಕೆ ಬೇಯಿಸಿದ ಕುಂಬಳಕಾಯಿ ಹಾಕು, ಅದಕ್ಕೂ ಮೋಸ ಗೊತ್ತಾಗುವುದಿಲ್ಲ. ಈಗ ದಿನಕ್ಕೆ ಎರಡು ಹೊತ್ತು ಸಾಕು. ಓಣಿಯವರು ಕೊಡುವುದನ್ನು ನಿಲ್ಲಿಸಲು ನಿನ್ನಿಂದ ಆಗುವುದಿಲ್ಲ, ಪ್ರೀತಿಗೆ ಬೇಡ ಎನ್ನುವುದು ಕಷ್ಟ. ಆದ್ದರಿಂದ ಬೆಳಿಗ್ಗೆ ಗುಂಡನ ಪಾಲಿನಿಂದಲೇ ಒಂದೊಂದು ಹಿಡಿ ಕಾಳನ್ನು ಮನೆಮನೆಗೆ ಕೊಟ್ಟು ಬಾ. ಅವರು ಅದನ್ನೇ ಹಾಕಲಿ. ಕೈ ಅವರದು, ಅಳತೆ ನಮ್ಮದು.

ಬೆಳಿಗ್ಗೆ ಸಂಜೆ ಹೊಳೆಯ ತನಕ ನಡೆಸು. ವಾರಕ್ಕೊಮ್ಮೆ ಕಣ್ಣು ಮುಚ್ಚಿ ಪಕ್ಕೆಯ ಮೇಲೆ ಕೈಯಾಡಿಸು. ನೀನು ಕಾರ್ಖಾನೆಯಲ್ಲಿ ಉಗುರಿನಿಂದ ಗೀರಿ ನುಣುಪು ಹೇಳುತ್ತಿದ್ದವನು, ನಿನ್ನ ಕೈಗೆ ಗೊತ್ತಾಗುತ್ತದೆ.

59.600 ಓದಿ ನಾನು ಇವತ್ತು ಹೋಟೆಲಿಗೆ ಹೋಗಿ ಎರಡು ಬೆಣ್ಣೆ ದೋಸೆ ತಿಂದೆ.

ನಿನ್ನ ಮಗಳು,
ಸಹನಾ


ಹರಿಹರ
12 ಜನವರಿ 2025

ಸಹನಾ,

ನಾನೊಬ್ಬನೇ: 61.800

ಗುಂಡನ ತೂಕ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಎತ್ತಿಕೊಳ್ಳಲು ಹೋದೆ, ಸೊಂಟ ಹಿಡಿಯಿತು. ಕೊಬ್ಬಲ್ಲ, ಎತ್ತರವಾಗಿದೆ. ಕಾಲು ನೆಲಕ್ಕೆ ತಾಗುತ್ತದೆ. ಅಮ್ಜದ್ ನಾನು ಎತ್ತುತ್ತೇನೆ ಎಂದು ಬಂದ, ಬೇಡ ಎಂದೆ. ನೀನು ಹೇಳಿದಂತೆ ಕಣ್ಣು ಮುಚ್ಚಿ ಪಕ್ಕೆಯ ಮೇಲೆ ಕೈಯಾಡಿಸಿದೆ. ನೋಡಿದರೆ ಕಾಣುವುದಿಲ್ಲ, ಮುಟ್ಟಿದರೆ ಒಂದು ಪಕ್ಕೆಯ ಹದಿಮೂರು ಎಲುಬೂ ಸಿಗುತ್ತವೆ. ಎರಡು ತಿಂಗಳಿನಿಂದ ಹೀಗೆಯೇ ನಿಂತಿದೆ.

ನಿನ್ನೆ ಎರಡು ವರ್ಷದ ನಂತರ ಪೇಡಾ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಎಲ್ಲಿ ಹೋಗಿದ್ರಿ ಇಷ್ಟು ದಿನ ಎಂದು ಕೇಳಿದ. ಒಂದೇ ಒಂದು ಪೇಡಾ ಕಟ್ಟಿಸಿಕೊಂಡು ಬಂದು ಹಾಲವ್ವನ ಫೋಟೋದ ಮುಂದೆ ಇಟ್ಟು, ಅವಳಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಸ್ವಲ್ಪ ಬೈದೆ ಕೂಡ. ಆಮೇಲೆ ಅರ್ಧ ನಾನು ತಿಂದೆ. ಇನ್ನರ್ಧವನ್ನು ಕಾಗದದಲ್ಲಿ ಮಡಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಕ್ಕನಿಗೆ ಅದನ್ನು ಮುಟ್ಟಬೇಡ ಎಂದಿದ್ದೇನೆ, ಗುಂಡನಿಗೂ ಹೇಳಿದ್ದೇನೆ.

ನಾಡಿದ್ದು ಮಂಗಳವಾರ ಸಂಕ್ರಾಂತಿ. ಅಕ್ಕ ಎಳ್ಳು ಹುರಿಯುತ್ತ, "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ. ನೀನು ಎಳ್ಳು ತಿಂತೀಯ, ಮಾತು ಎಲ್ಲೈತೆ" ಎಂದು ಕೇಳಿದಳು. ಮಾತು ಇದೆ. ಹೇಗೆ ಶುರು ಮಾಡಬೇಕು ಎಂದು ತಿಂಗಳಿನಿಂದ ಹೊಳೆಯ ದಂಡೆಯಲ್ಲಿ ಗುಂಡನ ಕೂಡ ಅಭ್ಯಾಸ ಮಾಡಿದ್ದೇನೆ. ಅದು ಒಮ್ಮೆಯೂ ತಪ್ಪು ಹಿಡಿಯಲಿಲ್ಲ.

ನಾಯಿಯನ್ನು ಎತ್ತಿಕೊಂಡು ನಿಲ್ಲಲು ನನ್ನಿಂದ ಆಗುವುದಿಲ್ಲ, ಇನ್ನೊಬ್ಬರು ಬೇಕು. ಮಂಗಳವಾರ ಬಾರವ್ವ. ಅಮ್ಜದನ ಆಟೋ ಭಟ್ಟಿಯಿಂದ ಆರಕ್ಕೇ ಬಿಡುತ್ತದೆ, ಚೀಲದ ಮೇಲೆ ನಿನಗೆ ಜಾಗ ಇಡಲು ಹೇಳಿದ್ದೇನೆ. ಗುಂಡನನ್ನು ನೀನು ಎತ್ತಿಕೊಂಡು ನಿಲ್ಲು, ಆಮೇಲೆ ನೀನೊಬ್ಬಳೇ ನಿಲ್ಲು. ನಿನ್ನ ತೂಕವನ್ನೂ ನಾನು ನೋಡಬೇಕು.

ದಾರಿಯಲ್ಲಿ ಏನೂ ತಿನ್ನದೆ ಬಾ. ತೂಕವನ್ನು ಬರಿಹೊಟ್ಟೆಯಲ್ಲೇ ನೋಡಬೇಕು ಎಂದು ನೀನೇ ಬರೆದಿದ್ದೀಯ. ತಿಂಡಿ ಇಲ್ಲಿ ಮಾಡೋಣ.

ನಿನ್ನ ಅಪ್ಪ